ಹಸಿರು ಗುಂಡಿ

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಡಬ್ಬಿಗಳು ಊಟದ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಉಪ್ಪು, ಸಕ್ಕರೆ, ಚಹಾಪುಡಿ, ಬೇಳೆ. ಒಂದೊಂದರ ಹೊಟ್ಟೆ ಮೇಲೂ ಕಪ್ಪು ಗೆರೆಗಳ ಚೀಟಿ. ಗಂಡ ಅಂಟಿಸಿದ್ದರು. ಬೆಳಗಾದರೆ ಔಷಧಿ ಗೋದಾಮಿನಲ್ಲಿ ಹೊಸ ಸಾಫ್ಟ್‌ವೇರ್ ಚಾಲೂ ಆಗಬೇಕು. ಅದರ ಹೊಣೆ ಮೊದಲಿಂದ ಕೊನೆತನಕ ಅವರದೇ.

“ಈ ನಾಲ್ಕೂ ಆಸ್ಪತ್ರೆಗೆ ಹೋಗ್ಬೇಕು. ಕಳಿಸು ನೋಡೋಣ,” ಅಂದರು.

“ಆಸ್ಪತ್ರೆಗೆ ಉಪ್ಪು ಯಾಕ್ರೀ? ಬಿಪಿ ಏರಿಸೋಕಾ?”

“ಬಾಯಿ ಮುಚ್ಚಿ ಕೆಲಸ ಮಾಡೇ.”

ಅವಳು ಕೈಯಲ್ಲಿದ್ದ ಗೆರೆ ಓದುವ ಯಂತ್ರವನ್ನು ಉಪ್ಪಿನ ಡಬ್ಬಿಗೆ ಹಿಡಿದಳು. ಕೀಂ ಅಂತು.

ಇದು ಅವರ ಮನೆಯ ಮಾಮೂಲಿ ಆಟ. ಕೆಲಸ ಶುರುವಾಗಿದ್ದು ಹಿಂದಿನ ವರ್ಷ. ಮೊದಮೊದಲು ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಹಮಾಲರ ಜೊತೆ ಖಾಲಿ ಪೆಟ್ಟಿಗೆ ಮೇಲೆ ಕೂತು, ಮಾಲು ಎಲ್ಲಿಂದ ಬರುತ್ತೆ, ಯಾರು ಎಣಿಸ್ತಾರೆ, ಯಾರು ಗೇಟು ದಾಟಿಸ್ತಾರೆ ಅಂತ ಕೇಳಿ ತಿಳಿದುಕೊಂಡರು. ಆಮೇಲೆ ಸಭೆ ಮೇಲೆ ಸಭೆ. ಮಾಲೀಕರಿಗೆ ಬೇಗ ಬೇಕು. ಲೆಕ್ಕದವರಿಗೆ ಇನ್ನೊಂದು ಕಾಲಂ ಬೇಕು. ಸಾಫ್ಟ್‌ವೇರ್ ಬರೆಯುವವರಿಗೆ ಇನ್ನೂ ಟೈಮ್ ಬೇಕು. ಇವರು ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ. ಒಂದೊಂದು ಭಾಗ ತಯಾರಾದಾಗಲೂ ಮನೆಗೆ ತಂದು ಅವಳ ಕೈಗೆ ಕೊಡುತ್ತಿದ್ದರು. ಅವಳು ಓದಿದ್ದು ಮೂರನೇ ಕ್ಲಾಸು.

“ಆಫೀಸಿನೋರು ನನ್ನ ಮುಖ ನೋಡಿ ಚೆನ್ನಾಗಿದೆ ಅಂತಾರೆ. ಹಮಾಲರು ಹೆದರಿ ಹೂಂ ಅಂತಾರೆ. ನೀನು ಮಾತ್ರ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ,” ಅನ್ನುತ್ತಿದ್ದರು.

ಹೇಳುತ್ತಿದ್ದಳು. “ಇದೇನು ಅಕ್ಷರಾನೋ ಇರುವೆ ಸಾಲೋ?” ಅಂದಿದ್ದಕ್ಕೆ ಅಕ್ಷರ ದೊಡ್ಡದಾಗಿತ್ತು. “ಇಷ್ಟು ಒತ್ತೋ ಹೊತ್ತಿಗೆ ಮಾಲು ಹೊತ್ಕೊಂಡು ನಾನೇ ಕೊಟ್ಟು ಬರ್ತೀನಿ” ಅಂದಿದ್ದಕ್ಕೆ ನಡುವಿನ ಒಂದೆರಡು ಪುಟಗಳೇ ಹೋಗಿದ್ದವು.

ಆ ದಿನ ಅವರು ಬೇಳೆ ಡಬ್ಬಿ ಎತ್ತಿ ಬೆನ್ನ ಹಿಂದೆ ಹಿಡಿದರು. “ಮೂರೇ ಇದೆ ಅಂದ್ಕೋ. ಈಗ?”

ಯಂತ್ರದಲ್ಲಿ ಹೊಸ ಸಾಲು ಬಂತು. ‘ಬಾಕಿ ಪರಿಮಾಣವನ್ನು ಅನೂರ್ಜಿತಗೊಳಿಸಬೇಕೇ?’ ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. ತಲೆಬುಡ ತಿಳಿಯಲಿಲ್ಲ. ತಲೆ ಎತ್ತಿದರೆ ನಿದ್ದೆಗೆಟ್ಟು ಅವರ ಕಣ್ಣುಗಳು ಕೆಂಪಾಗಿದ್ದವು. ತಟ್ಟೆಯಲ್ಲಿ ಅನ್ನ ಹಾಗೇ ಆರುತ್ತಿತ್ತು. ತಿಳೀಲಿಲ್ಲ ಅಂದರೆ ಈಗಲೇ ಫೋನು, ಜಗಳ, ತಾರೀಕು ಮುಂದಕ್ಕೆ. ಈ ಮನುಷ್ಯ ಇನ್ನೊಂದು ತಿಂಗಳು ಮಲಗೋದಿಲ್ಲ.

ಅವಳು ಹಸಿರು ಒತ್ತಿದಳು.

“ಆ ಸಾಲು ಅರ್ಥ ಆಯ್ತಾ?”

“ಆಯ್ತು ಬಿಡಿ. ಎದ್ದು ಊಟ ಮಾಡಿ ಮೊದ್ಲು.”

“ನಿಂಗೆ ಆಯ್ತು ಅಂದ್ರೆ ಎಲ್ರಿಗೂ ಆಯ್ತು,” ಅಂತ ಅವರು ಯಂತ್ರ ಮುಚ್ಚಿಟ್ಟರು. ಉಂಡು ಕುರ್ಚಿಯಲ್ಲೇ ಗೊರಕೆ ಹೊಡೆದರು. ಗೆದ್ದೆ ಅಂದುಕೊಂಡಳು ಅವಳು.

ಸೋಮವಾರ ಮಧ್ಯಾಹ್ನ ಗೋದಾಮಿನಿಂದ ಫೋನ್ ಮಾಡಿದರು. ಹಿಂದೆ ಲಾರಿಗಳ ಹಾರನ್ನು, ಕೂಗಾಟ.

“ಎಲ್ಲಾ ಎಡವಟ್ಟಾಯ್ತು ಕಣೇ. ಮಾಲು ಕಮ್ಮಿ ಬಿದ್ದ ಕಡೆಯೆಲ್ಲ ಹಮಾಲರು ಹಸಿರು ಒತ್ತಿಬಿಟ್ಟಿದ್ದಾರೆ. ಆಸ್ಪತ್ರೆಗಳ ಉಳಿದ ಮಾಲು ಪೂರ್ತಿ ರದ್ದು. ಒಂದೊಂದೇ ಹುಡುಕಿ ವಾಪಸ್ ತರಬೇಕು. ಆ ಸಾಲು ಯಾರಿಗೂ ತಿಳಿದೇ ಇಲ್ವಂತೆ. ನಿಂಗೆ ಹೇಗೆ ತಿಳೀತೇ?”

ನಂಗೂ ತಿಳಿದಿರಲಿಲ್ಲ ಅನ್ನೋದು ನಾಲಿಗೆ ತುದಿಗೆ ಬಂತು. ಅವಳು ಅಂದಿದ್ದು, “ಊಟ ಆಯ್ತಾ?”

“ಎಲ್ಲಿಯ ಊಟ,” ಅಂತ ನಕ್ಕರು. ಅದೇ ಕೊನೆ ಮಾತು.

ಸಂಜೆ ಹೊತ್ತಿಗೆ ರದ್ದಾದ ಮಾಲೆಲ್ಲ ಪಟ್ಟಿಗೆ ವಾಪಸ್ ಬಂತು. ಕೊನೆ ಲಾರಿ ಗೇಟು ದಾಟಿತು. ಅವರು ಗೋದಾಮಿನ ಮೆಟ್ಟಿಲ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು, ಮತ್ತೆ ಏಳಲಿಲ್ಲ. ಎದೆಯ ರಕ್ತನಾಳ ವರ್ಷಗಳಿಂದ ಕಟ್ಟಿತ್ತು, ಇವತ್ತಲ್ಲ ನಾಳೆ ಆಗೋದೇ ಅಂದರು ಡಾಕ್ಟರು. ಅವಳು ತಲೆ ಆಡಿಸಿದಳು. ನಂಬಲಿಲ್ಲ. ನಾಳೆಯೇ ಆಗಬಹುದಿತ್ತಲ್ಲ, ಇವತ್ತೇ ಯಾಕೆ?

ಕೆಲವು ದಿನ ಬಿಟ್ಟು ಹಮಾಲರ ಮುಖಂಡ ಬಂದ. ಲಾರಿ ಎತ್ತುವಂಥ ಆಳು. ಬಾಗಿಲಲ್ಲೇ ನಿಂತ, ಒಳಗೆ ಬರಲೊಲ್ಲ.

“ಕ್ಷಮಿಸಿ ಅಕ್ಕ. ಮೊದಲು ಒತ್ತಿದ್ದು ನಾನೇ. ನನ್ನ ನೋಡಿ ಎಲ್ಲರೂ ಒತ್ತಿದ್ರು. ಸಾಹೇಬ್ರನ್ನ ನಾವೇ ತಿಂದ್ಕೊಂಡ್ವಿ.”

ಅಷ್ಟು ದೊಡ್ಡ ಆಳು ಮೊಣಕೈಯಲ್ಲಿ ಕಣ್ಣೊರೆಸಿಕೊಂಡ. ಅವಳು ಸುಮ್ಮನಿದ್ದರೆ ಆ ಹೊರೆ ಅವನು ಹೊತ್ತುಕೊಂಡೇ ಹೋಗುತ್ತಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಮೊದಲು ಒತ್ತಿದ್ದು ನೀನಲ್ಲಪ್ಪ. ನಾನು,” ಅಂದಳು. “ಹಿಂದಿನ ದಿನ, ಇದೇ ಮೇಜಿನ ಮೇಲೆ. ತಿಳೀದೆ ಇದ್ರೂ ತಿಳೀತು ಅಂದೆ. ಅದನ್ನ ನಂಬಿ ನಿಮ್ಮ ಕೈಗೆ ಕೊಟ್ರು.”

ಅವನು ಅವಳನ್ನೇ ನೋಡಿದ. ಬಯ್ಯುತ್ತಾನೆ ಅಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಒಳಗೆ ಬಂದು ನೀರು ಕೇಳಿ ಕುಡಿದ.

“ಈಗ ಆ ಸಾಲು ಬದಲಾಯಿಸಿದ್ದಾರೆ ಅಕ್ಕ. ‘ಉಳಿದ ಪೆಟ್ಟಿಗೆ ಆಮೇಲೆ ಕಳಿಸೋಣವೇ?’ ಅಂತ ಬರುತ್ತೆ.”

“ಅದು ತಿಳಿಯುತ್ತೆ,” ಅಂದಳು.

ಆಫೀಸಿನವರು ಯಂತ್ರ ತೆಗೆದುಕೊಂಡು ಹೋದರು. ಡಬ್ಬಿ ಮೇಲಿನ ಚೀಟಿ ಯಾರೂ ಕೇಳಲಿಲ್ಲ. ದಿನಾ ಬೆಳಗ್ಗೆ ಚಹಾಕ್ಕೆ ನೀರಿಟ್ಟು ಅವಳು ನಾಲ್ಕೂ ಡಬ್ಬಿ ಇಳಿಸುತ್ತಾಳೆ. ಚೀಟಿಗೆ ತೇವ ತಾಗದ ಹಾಗೆ ಸುತ್ತ ಒಣಬಟ್ಟೆಯಲ್ಲಿ ಒರೆಸುತ್ತಾಳೆ. ಬೇಳೆ ಡಬ್ಬಿಯ ಚೀಟಿಯ ಒಂದು ಮೂಲೆ ಪದೇ ಪದೇ ಏಳುತ್ತೆ. ಅದನ್ನು ಹೆಬ್ಬೆರಳಿಂದ ಒತ್ತಿ, ನೀರು ಕುದಿಯುವ ತನಕ ಹಿಡಿದುಕೊಂಡಿರುತ್ತಾಳೆ.