ಚಳಿಯಲ್ಲಿ ಎಸಿ ಕೇಳಿದವನು

ಸಿದ್ದರಾಮುವಿಗೆ ಕೊನೆಯ ತಿಂಗಳ ಸಂಬಳ ಇನ್ನೂ ಬಂದಿಲ್ಲ. ಕೊಡಬೇಕಾದವನು ಮಹದೇವಸ್ವಾಮಿ, ಗಾರ್ಮೆಂಟ್ಸ್ ಹೆಂಗಸರಿಗೆ ವ್ಯಾನು ಬಿಡುವ ಕಂಟ್ರಾಕ್ಟರು. ಇದನ್ನು ಮೊದಲೇ ಹೇಳಿಬಿಡಬೇಕು. ಕತೆ ಕೇಳಿ ನಕ್ಕವರು ಸಂಬಳದ ಮಾತು ಮರೆತು ಎದ್ದು ಹೋಗುತ್ತಾರೆ.

ಸಿದ್ದರಾಮು ಶೀಳನೆರೆಯವನು. ಮೊದಲು ಕಬ್ಬಿನ ಟ್ರಾಕ್ಟರು ಓಡಿಸುತ್ತಿದ್ದ. ಅದಕ್ಕೆ ಗಾಜೇ ಇರಲಿಲ್ಲ. ಧೂಳು, ಹುಳ, ಚಳಿ ಎಲ್ಲವೂ ನೇರ ಮುಖಕ್ಕೆ ಹೊಡೆಯುತ್ತಿದ್ದವು, ಆದರೆ ರಸ್ತೆಯೂ ನೇರ ಕಣ್ಣಿಗೆ ಬೀಳುತ್ತಿತ್ತು. ವ್ಯಾನಿಗೆ ಬಂದ ಮೇಲೆ ಮೆತ್ತನೆ ಸೀಟು ಸಿಕ್ಕಿತು, ತಿಂಗಳ ಸಂಬಳ ಸಿಕ್ಕಿತು, ಕಾಣುವುದು ನಿಂತುಹೋಯಿತು.

ಹೊತ್ತು ಹುಟ್ಟುವ ಮುಂಚೆ ಕೆ.ಆರ್. ಪೇಟೆಯಲ್ಲಿ ಹೆಂಗಸರನ್ನು ಹತ್ತಿಸಿಕೊಂಡು, ಬೂಕನಕೆರೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು, ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಹತ್ತಿರದ ಫ್ಯಾಕ್ಟರಿಗೆ ಬಿಡಬೇಕು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಅಷ್ಟು ಜನರ ಉಸಿರು, ಡಬ್ಬಿಯೊಳಗಿನ ಬಿಸಿ ಮುದ್ದೆಯ ಆವಿ ಗಾಜಿಗೆ ಹತ್ತಿ, ಮುಂದಿನ ಗಾಜು ಸುಣ್ಣ ಬಳಿದ ಗೋಡೆಯಂತಾಗುತ್ತಿತ್ತು. ಸೋಮವಾರವಂತೂ ಕೇಳಬೇಡಿ. ಮನೆದೇವರ ವಾರವೆಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಹತ್ತುತ್ತಿದ್ದರು.

ಸಿದ್ದರಾಮು ಅಂಗೈಯಲ್ಲಿ ಗಾಜಿನ ಮೇಲೆ ರೊಟ್ಟಿಯಗಲ ಒರೆಸಿಕೊಂಡು, ಆ ಕಿಂಡಿಯಲ್ಲಿ ಕತ್ತು ಚಾಚಿ ನೋಡುತ್ತಾ ಓಡಿಸುತ್ತಿದ್ದ. ಹೆಂಗಸರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟರು.

ಹೇಳಿದವರು ಹೇಳಿದ್ದನ್ನೆಲ್ಲ ಮಾಡಿ ನೋಡಿದ. ಹಳೇ ಪೇಪರಿನಲ್ಲಿ ಉಜ್ಜಿದ. ಬೀಡಿ ಹೊಗೆಸೊಪ್ಪು ಉಜ್ಜಿದ. ಆಲೂಗಡ್ಡೆ ಹೋಳು ತಿಕ್ಕಿದ. ಹೆಂಡತಿ ದೀಪಳ ಶಾಂಪೂ ಸವರಿದ ದಿನ ಎದುರಿನ ಲಾರಿಯ ಲೈಟು ಬಿದ್ದು, ಗಾಜಿನ ತುಂಬ ಕಾಮನಬಿಲ್ಲು ಎದ್ದು ಕಣ್ಣು ಕತ್ತಲೆ ಬಂತು. ಕೊನೆಗೆ ಉಳಿದದ್ದು ಕಿಟಕಿ ತೆರೆಯುವುದೊಂದೇ. ಎರಡೂ ಕಡೆ ಎರಡು ಬೆರಳಷ್ಟು ಸರಿಸಿದರೆ ಗಾಜು ಒಂದಿಷ್ಟು ತಿಳಿಯಾಗುತ್ತಿತ್ತು. ಆದರೆ ಹಿಂದೆ ಕೂತವರು ಬಿಡಬೇಕಲ್ಲ.

"ಲೋ ಕೊಕ್ಕರೆ, ಮುಚ್ಲಾ ಕಿಟಕಿಯ! ಕಿವಿ ಮರಗಟ್ಟೋಯ್ತಾ ಅದೆ," ಎಂದು ಇಂದ್ರಮ್ಮ ಗದರುತ್ತಿದ್ದಳು. ಹೊಲಿಗೆ ಲೈನಿನಲ್ಲಿ ಎಲ್ಲರಿಗಿಂತ ಹಳಬಳು ಅವಳು. ಬಾಯಿಯೂ ಎಲ್ಲರಿಗಿಂತ ದೊಡ್ಡದು.

"ಗಾಜು ಕಾಣಕಿಲ್ಲ ಕಣಕ್ಕ."

"ಗಾಜು ಯಾಕ್ಲಾ ಕಾಣ್ಬೇಕು? ರೋಡು ನೋಡು!"

ವ್ಯಾನು ಗೊಳ್ಳೆಂದು ನಗುತ್ತಿತ್ತು. ಇಂದ್ರಮ್ಮ ಬೈದು ಸುಮ್ಮನಾಗುವ ಜೀವವೂ ಅಲ್ಲ. ಫ್ಯಾಕ್ಟರಿಯಿಂದ ಬಟ್ಟೆ ಚೂರು ತಂದು ಕಿಟಕಿ ಸಂದಿಗೆಲ್ಲ ಗಿಡಿದಿಟ್ಟಳು.

ಕಾರ್ತಿಕದ ಒಂದು ಸೋಮವಾರ, ಬೂಕನಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದರು. ಒರೆಸಿದ ಕಿಂಡಿ ಒರೆಸಿದಷ್ಟೂ ಮುಚ್ಚಿಕೊಳ್ಳುತ್ತಿತ್ತು. ತಡೆಯಲಾರದೆ ಸಿದ್ದರಾಮು ತನ್ನ ಪಕ್ಕದ ಕಿಟಕಿ ತೆರೆದು ತಲೆ ಹೊರಗೆ ಹಾಕಿದ. ಹಾಕಿದ್ದೇ ಪುಣ್ಯ. ಮುಂದೆ ಕಬ್ಬಿನ ಟ್ರೈಲರು ಕೆಟ್ಟು ನಿಂತಿತ್ತು. ಹಿಂದೆ ಒಂದು ಕೆಂಪು ಲೈಟಿಲ್ಲ, ಎಚ್ಚರಿಕೆಗೆ ಒಂದು ಸೊಪ್ಪು ಕಟ್ಟಿಲ್ಲ. ಬ್ರೇಕ್ ತುಳಿದ. ಡಬ್ಬಿಗಳು ಉರುಳಿ ಬಂದವು. ವ್ಯಾನು ನಿಂತಾಗ ಕಬ್ಬಿನ ಸೋಗೆ ಮುಂದಿನ ಗಾಜಿಗೆ ತಾಗುತ್ತಿತ್ತು.

"ಕಣ್ಣ ಎಲ್ಲಿಕ್ಕಿದ್ಲಾ, ಮುಂಡೇದೆ!" ಇಂದ್ರಮ್ಮ ಕಿರುಚಿದಳು.

ಸಿದ್ದರಾಮು ವ್ಯಾನನ್ನು ಹಿಂದಕ್ಕೆ ತೆಗೆದು, ರಸ್ತೆ ಬದಿಗೆ ನಿಲ್ಲಿಸಿ ಇಳಿದ. "ಬಾ ಇಂದ್ರಕ್ಕ. ನನ್ ಸೀಟಲ್ಲಿ ಕೂತ್ಕೊ."

ಅವಳು ಗೊಣಗುತ್ತಲೇ ಹತ್ತಿ ಕೂತಳು. ಅವನು ಬಾಗಿಲು ಹಾಕಿ ಹೊರಗಿನಿಂದ ಕೇಳಿದ, "ಏನ್ ಕಾಣ್ತದೆ?"

"ಏನೂ ಕಾಣಕಿಲ್ವಲ್ಲೋ."

"ದಿನಾ ನಂಗೂ ಅಷ್ಟೇ ಕಾಣೋದು."

ಇಂದ್ರಮ್ಮ ಇಳಿದು ಬಂದು, ತಾನೇ ಗಿಡಿದಿದ್ದ ಚೂರುಗಳನ್ನು ಒಂದೊಂದಾಗಿ ಕಿತ್ತು ಚರಂಡಿಗೆ ಎಸೆದಳು. ಅವತ್ತು ಕಿಟಕಿ ತೆರೆದುಕೊಂಡೇ ಗಡಗಡ ನಡುಗುತ್ತ ಹೋದರು. ಗೇಟಿಗೆ ತಡವಾಗಿತ್ತು. ಎಲ್ಲರ ಅರ್ಧ ದಿನದ ಕೂಲಿ ಹೋಯಿತು.

ಹೆಂಗಸರನ್ನು ಇಳಿಸಿ ಸಿದ್ದರಾಮು ಸೀದಾ ಪಾಂಡವಪುರದ ಮೆಕ್ಯಾನಿಕ್ ಕರಿಯಯ್ಯನ ಶೆಡ್ಡಿಗೆ ಹೋದ.

"ಎಸಿ ಹಾಕ್ಲಾ," ಎಂದ ಕರಿಯಯ್ಯ.

"ಈ ಚಳೀಲಾ? ಕುಡಿದ್ಬುಟ್ಟಿದ್ದೀಯಾ ಬೆಳಬೆಳಿಗ್ಗೆ?"

"ಎಸಿ ಬರೀ ತಣ್ಣಗೆ ಮಾಡಕಲ್ಲ ಕಣ್ಲಾ, ಗಾಳೀಲಿರೋ ಪಸೆನ ಹೀರ್ತದೆ. ಹೊರಗಿನ್ ಗಾಳಿ ತಕ್ಕೊಂಡು ಗಾಜಿಗೆ ಬುಡು, ಒಂದ್ ಬೀಡಿ ಸೇದೋ ಅಷ್ಟ್ರಲ್ಲಿ ತಿಳಿಯಾಯ್ತದೆ. ನಂಗೂ ಒಬ್ಬ ಕಾರಿನೋನು ಹೇಳಿದ್ಮೇಲೇ ಗೊತ್ತಾಗಿದ್ದು."

ಗುಂಡಿ ಒತ್ತಿದರೆ ಬರೀ ಗಾಳಿ ಬಂತು. ಕರಿಯಯ್ಯ ಬಾನೆಟ್ ಎತ್ತಿ ಬಗ್ಗಿ ನೋಡಿದ. ಎಸಿಯ ಬೆಲ್ಟೇ ಇರಲಿಲ್ಲ. ಹರಿದಿರಲಿಲ್ಲ, ಡೀಸೆಲ್ ಉಳಿಯಲೆಂದು ಬಿಚ್ಚಿಸಿದ್ದರು. ಗಾಡಿಯ ಮೈಮೇಲೆ ಮಾತ್ರ ಎಸಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಸಿದ್ದರಾಮು ಮಹದೇವಸ್ವಾಮಿಗೆ ಫೋನು ಮಾಡಿದ. ಅವನು ನಕ್ಕ. "ಚಳಿಗಾಲದಲ್ಲಿ ಎಸಿ ಬೇಕಾ ನಿಂಗೆ? ಮದ್ವೆ ಗಂಡೇನ್ಲಾ ನೀನು? ಓಡ್ಸಕಾಗ್ದಿದ್ರೆ ಬುಡು. ಡ್ರೈವರ್‌ಗಳು ಸಾಲು ನಿಂತವ್ರೆ."

ಸಿದ್ದರಾಮು ಈ ಮಾತನ್ನು ಹೆಂಗಸರಿಗೆ ಹೇಳಿದ. ಮೊದಲು ಅವರೂ ನಕ್ಕರು. ಇಂದ್ರಮ್ಮ ನಗಲಿಲ್ಲ.

ಮುಂದಿನ ಸೋಮವಾರ, ತಡ ಯಾಕಾಯಿತು ಎಂದು ವಿಚಾರಿಸಲು ಕಂಟ್ರಾಕ್ಟರೇ ಕೆ.ಆರ್. ಪೇಟೆ ಸ್ಟಾಪಿಗೆ ಬಂದ. ಹೆಂಗಸರು ಒದ್ದೆ ತಲೆಯಲ್ಲಿ ಹತ್ತಿ ಕೂತು ಎಲ್ಲ ಕಿಟಕಿ ಮುಚ್ಚಿದರು. ಸಿದ್ದರಾಮು ಕೀ ಚಾಚಿದ.

"ಗಾಡಿ ನಿಮ್ದು. ಇವತ್ತೊಂದಿನ ನೀವೇ ಓಡ್ಸಿ."

ಅಷ್ಟು ಹೆಂಗಸರ ಮುಂದೆ ಆಗುವುದಿಲ್ಲ ಎನ್ನಲು ಮಹದೇವಸ್ವಾಮಿಗೆ ಬಾಯಿ ಬರಲಿಲ್ಲ. ಹತ್ತಿದ. ಊರು ದಾಟುವಷ್ಟರಲ್ಲಿ ಗಾಜು ಬೆಳ್ಳಗಾಯಿತು. ಕೈಯಲ್ಲಿ ಒರೆಸಿದ, ಕರ್ಚೀಫಿನಲ್ಲಿ ಒರೆಸಿದ, ಹೆಗಲ ಮೇಲಿನ ಶಾಲಿನಲ್ಲಿ ಒರೆಸಿದ. ಎದುರಿಗೆ ಬಸ್ಸು ಬಂದಾಗ ಹೆದರಿ ಮಣ್ಣಿಗಿಳಿಸಿ ನಿಲ್ಲಿಸಿದ.

"ಯಾಕ್ ಸ್ವಾಮಿ, ಸೆಕೆ ಆಯ್ತದಾ? ಎಸಿ ಹಾಕನಾ?" ಎಂದಳು ಇಂದ್ರಮ್ಮ.

ಮಾರನೇ ದಿನ ಬೆಲ್ಟು ಬಂತು. ಆ ತಿಂಗಳು ಮುಗಿಯುತ್ತಲೇ ಸಿದ್ದರಾಮುವಿಗೆ ನಾಳೆಯಿಂದ ಬರಬೇಡ ಎಂದರು. ಕಾರಣ, ಬಾಯಿ ಜಾಸ್ತಿ. ಸಂಬಳವನ್ನೂ ತಡೆದರು.

ಅವತ್ತು ಇಂದ್ರಮ್ಮ, "ಒಂದಿನ ವ್ಯಾನಿಂದ ಇಳಿದ್ಬುಡನ ಕಣ್ರೇ, ಆಗ್ಲಾದ್ರೂ ಅವನ ದುಡ್ಡು ಕೊಡ್ತಾರೆ," ಎಂದಳು. ಯಾರೂ ಇಳಿಯಲಿಲ್ಲ. ಅರ್ಧ ದಿನ ಕಳೆದುಕೊಂಡಿದ್ದವರು ಇಡೀ ದಿನ ಕಳೆದುಕೊಳ್ಳಲು ಅಂಜಿದರು. ಕೊನೆಗೆ ಅವಳೂ ಇಳಿಯಲಿಲ್ಲ.

ಈಗ ಸಿದ್ದರಾಮು ಹಾಲಿನ ಕ್ಯಾನುಗಳ ಗಾಡಿ ಓಡಿಸುತ್ತಾನೆ. ಬೆಳಿಗ್ಗೆ ಬೂಕನಕೆರೆ ಹತ್ತಿರ ಆ ವ್ಯಾನು ಎದುರಾಗುತ್ತದೆ. ಮುಂದಿನ ಗಾಜು ತಿಳಿನೀರಿನಂತಿರುತ್ತದೆ. ಹೊಸ ಡ್ರೈವರು ಕತ್ತು ಚಾಚುವುದಿಲ್ಲ. "ನೆಟ್ಟಗೆ ಕೂತವ್ನೆ ಬಡ್ಡಿಮಗ," ಎಂದು ಸಿದ್ದರಾಮು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಕಿಟಕಿಯಲ್ಲಿ ಇಂದ್ರಮ್ಮ ಒಮ್ಮೊಮ್ಮೆ ಕೈ ಎತ್ತುತ್ತಾಳೆ, ಒಮ್ಮೊಮ್ಮೆ ಮುಖ ತಿರುಗಿಸುತ್ತಾಳೆ.

ಇಳಿಯದ ಆ ಹೆಂಗಸರನ್ನು ಬೈಯುವುದು ಸುಲಭ. ಓದುತ್ತಿರುವ ನೀವು ನಾಳೆ ಬೆಳಿಗ್ಗೆ ಎದ್ದು, ನಿಮ್ಮ ಮಗಳೋ ಮೊಮ್ಮಗನೋ ನೀವೋ ಹತ್ತುವ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತು, ಕಿಟಕಿ ಮುಚ್ಚಿಸಿ, ಎದುರಿಗೆ ನೋಡಿ. ಏನೂ ಕಾಣದಿದ್ದರೆ ಬಾನೆಟ್ ಎತ್ತಿಸಿ. ಬೆಲ್ಟ್ ಕೇಳಿದ್ದಕ್ಕೆ ಆ ಡ್ರೈವರನ್ನು ಕಿತ್ತುಹಾಕಿದರೆ, ನೀವು ಇಳಿಯುತ್ತೀರಾ?