ತಲೆಯಿಲ್ಲದ ಅಂಬಿಗ

ವೈನಿಯ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಉಳಿದ ಉಗುರುಗಳನ್ನೆಲ್ಲ ಚೊಕ್ಕಟವಾಗಿ ತೆಗೆಯುತ್ತಿದ್ದರು, ಅದೊಂದನ್ನು ಮಾತ್ರ ಬಿಟ್ಟಿದ್ದರು. ಚಿತ್ರದ ಚೂರು ತನ್ನ ಜಾಗದಲ್ಲಿ ಕೂತಿತೆಂದರೆ ಆ ಉಗುರಿನಿಂದ ಅದರ ನೆತ್ತಿಗೆ ಒಂದು ಏಟು, ಟಕ್. ನಾವು ಯಾರಾದರೂ ಅವಸರ ಮಾಡಿ ತಪ್ಪು ಚೂರನ್ನು ಒತ್ತಿ ಕೂಡಿಸಿದ್ದರೆ ಅದೇ ಉಗುರು ಅಂಚಿಗೆ ಹೋಗಿ ಅದನ್ನು ಎಬ್ಬಿಸಿ ಹಾಕುತ್ತಿತ್ತು. "ಒತ್ತಬ್ಯಾಡ್ರೆ. ತನ್ನ ಜಾಗಾ ಇದ್ರ ತಾನ ಕೂಡತೈತಿ" ಅನ್ನುತ್ತಿದ್ದರು.

ವೈನಿ ನಮ್ಮ ರೋಣದ ಪೋಸ್ಟ್ ಮಾಸ್ತರರ ಹೆಂಡತಿ. ಪೋಸ್ಟ್ ಆಫೀಸಿನ ಹಿಂದೆಯೇ ಅವರ ಮನೆ, ಅವರ ಗೋಡೆಗೆ ನಮ್ಮ ಗೋಡೆ. ನಾನು ಆಗಷ್ಟೇ ಆ ಓಣಿಗೆ ಸೊಸೆಯಾಗಿ ಬಂದವಳು. ನನ್ನ ಗಂಡ ಮಾಸ್ತರರಿಗೆ ಅಣ್ಣ ಅನ್ನುತ್ತಿದ್ದರು, ಅವರ ಹೆಂಡತಿಗೆ ವೈನಿ ಅನ್ನುತ್ತಿದ್ದರು. ಕೇಳಿ ಕೇಳಿ ನನಗೂ ಅವರು ವೈನಿಯೇ ಆದರು, ಕಡೆಗೆ ಓಣಿಗೆಲ್ಲ ವೈನಿ. ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬಿರದ ಕಾಲ ಅದು.

ಚೂರು ಜೋಡಿಸಿ ಚಿತ್ರ ಮಾಡುವ ಈ ಆಟದ ಹುಚ್ಚು ಅವರಿಗೆ ಹತ್ತಿದ್ದು ಹುಬ್ಬಳ್ಳಿಯಲ್ಲಿ. ಅವರ ಅಪ್ಪ ರೈಲ್ವೆಯಲ್ಲಿದ್ದವರು. ತನ್ನ ದೇಶಕ್ಕೆ ಹೊರಟ ಯಾವನೋ ಬಿಳಿ ಸಾಹೇಬನ ಮನೆಯ ಸಾಮಾನಿನ ಲಿಲಾವಿನಲ್ಲಿ ಸವಾಲು ಕೂಗಿ ಮಗಳಿಗೆಂದು ಒಂದು ಡಬ್ಬಿ ತಂದಿದ್ದರಂತೆ. ಮದುವೆಯಾಗಿ ಮೊದಲು ನರಗುಂದಕ್ಕೆ, ಆಮೇಲೆ ಗಜೇಂದ್ರಗಡಕ್ಕೆ, ಆಮೇಲೆ ನಮ್ಮಲ್ಲಿಗೆ, ಗಂಡನಿಗೆ ಬದಲಿಯಾದಲ್ಲೆಲ್ಲ ವೈನಿ ಆ ಡಬ್ಬಿ ಹೊತ್ತುಕೊಂಡು ಬಂದರು, ಹೋದ ಊರಲ್ಲೆಲ್ಲ ಮಧ್ಯಾಹ್ನದ ಹೊತ್ತು ಹೆಂಗಸರನ್ನು ಕೂಡಿಸಿ ಹುಚ್ಚು ಹಚ್ಚಿದರು. ಡಬ್ಬಿಯ ಚಿತ್ರ ಎಲ್ಲರಿಗೂ ಬಾಯಿಪಾಠ ಆದಮೇಲೆ, ಅರಿವೆ ಅಂಗಡಿಯವರು ಕೊಡುವ ಕ್ಯಾಲೆಂಡರಿನ ಚಿತ್ರಗಳನ್ನು ತೆಳು ಹಲಗೆಗೆ ಅಂಟಿಸಿ ನರಗುಂದದ ಬಡಿಗೇರರಿಂದ ಸಣ್ಣ ಗರಗಸದಲ್ಲಿ ಕೊಯ್ಯಿಸತೊಡಗಿದರು. ಒಂದೇ ಚಿತ್ರದ ನಾಲ್ಕು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಮೊಳೆ ಬಡಿದು ಒಟ್ಟಿಗೇ ಕೊಯ್ಯುತ್ತಿದ್ದರು. ಹಾಗಾಗಿ ನಾಲ್ಕೂ ಹಲಗೆಯ ಚೂರುಗಳು ಒಂದೇ ಅಳತೆ, ಪಂದ್ಯಕ್ಕೆ ಹೇಳಿ ಮಾಡಿಸಿದಂಗ.

ಹೌದು, ಪಂದ್ಯ. ವರ್ಷಕ್ಕೊಮ್ಮೆ ಮೂರೂ ಊರಿನ ಹೆಂಗಸರು ವೈನಿಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು ಇಳಿಯುವ ಅವರ ಗದ್ದಲ ನೋಡಿ ಗಂಡಸರು ಯಾರ ಮನೆಯ ಲಗ್ನ ಅಂತ ಕೇಳುತ್ತಿದ್ದರು. ಊರಿಗೆ ನಾಲ್ಕು ಜನ. ನಮ್ಮ ರೋಣದ ಕಡೆಯಿಂದ ವೈನಿ, ನಾನು, ಅರಿವೆ ಅಂಗಡಿಯವರ ಮಗಳು, ಮತ್ತೆ ನಂಬುತ್ತೀರೋ ಇಲ್ಲೋ, ನಮ್ಮ ಅತ್ತೆ! "ಸಣ್ಣ ಮಕ್ಕಳಂಗ ಏನಿದು" ಅಂತ ನನ್ನನ್ನು ಎಳೆದುಕೊಂಡು ಹೋಗಲು ಬಂದವರು, ನಿಂತು ನೋಡಿ, ಒಂದು ಚೂರು ಎತ್ತಿ ಇಟ್ಟು, ಕೂತೇ ಬಿಟ್ಟರು. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು. ಬರೀ ನೀಲಿ ಆಕಾಶದ ಚೂರುಗಳನ್ನು ನಾವು ಯಾರೂ ಮುಟ್ಟುತ್ತಿರಲಿಲ್ಲ, ಅದು ಅತ್ತೆಯ ಪಾಲು.

ವೈನಿಯ ಕಾಯಿದೆ ಒಂದೇ. ಚಿತ್ರ ಪೂರ್ತಿ ಆದಮೇಲೆ ಕೈ ಎತ್ತಬೇಕು, ಅದಕ್ಕೆ ಮೊದಲು ಎತ್ತಬಾರದು. ಒಂದು ವರ್ಷ ನಮ್ಮ ಅರಿವೆ ಅಂಗಡಿಯ ಹುಡುಗಿ ಖುಷಿಯಲ್ಲಿ ಕಡೆಯ ಚೂರನ್ನು ಬೆರಳಲ್ಲಿ ಹಿಡಿದುಕೊಂಡೇ ಕೈ ಎತ್ತಿಬಿಟ್ಟಳು. ಅಷ್ಟರಲ್ಲಿ ನರಗುಂದದವರು ಮುಗಿಸಿ ಕೈ ಎತ್ತಿದರು. ಗೆದ್ದವರು ನರಗುಂದದವರು ಅಂತ ಹೇಳಿದ್ದು ಸ್ವತಃ ವೈನಿ! ನಾವೆಲ್ಲ ಮುಖ ಊದಿಸಿಕೊಂಡೆವು. "ಒಂದು ಚೂರು ಕಡಿಮಿ ಇದ್ರೂ ಅದು ಚಿತ್ರ ಅಲ್ಲ" ಅಂದರು, ಅಷ್ಟೇ. ಆಮೇಲೆ ಚಹಾ ಮಾಡಿ ನಮ್ಮನ್ನು ಸಮಾಧಾನ ಮಾಡಿದರು.

ನಮಗಿದ್ದ ದೊಡ್ಡ ತ್ರಾಸು ಜಾಗದ್ದು. ಈ ಆಟ ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದ್ದಲ್ಲ. ಅರ್ಧ ಕೂಡಿಸಿದ್ದನ್ನು ಹಾಗೇ ಬಿಟ್ಟು ಹೋಗಬೇಕು, ಮರುದಿನ ಬಂದಾಗ ಅದು ಹಾಗೇ ಇರಬೇಕು. ಯಾರ ಮನೆಯಲ್ಲಿ ಇದ್ದೀತು ಹೇಳಿ? ಸಂಜೆ ಗಂಡಸರು ಊಟಕ್ಕೆ ಕೂಡುವ ಹೊತ್ತಿಗೆ ಪಡಸಾಲೆ ಖಾಲಿ ಆಗಬೇಕು. ಚೂರು ಕೂಡಿಸಿದ ಹಲಗೆ ಎತ್ತಿ ಮೂಲೆಗೆ ಒರಗಿಸಿದರೆ ಅರ್ಧ ಚಿತ್ರ ಜಾರಿ ಮತ್ತೆ ಚೂರಿನ ಬುಟ್ಟಿ ಸೇರಿತು. ಅವರ ಇಸ್ಪೀಟಿಗೆ ಕ್ಲಬ್ಬು, ಅವರ ಹರಟೆಗೆ ಕಟ್ಟೆ, ನಮಗೆ ಒಂದು ಮೊಳ ನೆಲ ಇರಲಿಲ್ಲ! ಮೇಲಾಗಿ ಪೋಸ್ಟಿನ ಇನ್‌ಸ್ಪೆಕ್ಟರೊಬ್ಬ ಬಂದು, ಸರ್ಕಾರಿ ಮನೆಯಲ್ಲಿ ಸಂತೆ ಕೂಡಿಸಬಾರದು ಅಂತ ಮಾಸ್ತರರಿಗೆ ತಾಕೀತು ಮಾಡಿ ಹೋದ. ಅಂದು ವೈನಿ ನನ್ನ ಮುಂದೆ, "ತಂಗಿ, ನನಗ ಬ್ಯಾರೆ ಏನೂ ಬ್ಯಾಡವಾ. ನಾಳೆ ಬಂದಾಗ ನಿನ್ನೆದು ಇರಬೇಕು. ಅಂಥಾದ್ದೊಂದು ಖೋಲಿ ಬೇಕು" ಅಂದರು. ಕಣ್ಣಲ್ಲಿ ನೀರಿತ್ತು.

ಆಗಲೇ ಕ್ಲಬ್ಬಿನ ಸೆಕ್ರೆಟರಿ ಬಂದದ್ದು. ಊರಿನ ದೊಡ್ಡವರ ಕ್ಲಬ್ಬು, ಅದಕ್ಕೆ ಈತ ಸೆಕ್ರೆಟರಿ. ಸದಾ ಇಸ್ತ್ರಿ ಕೋಟು, ನಾಲಿಗೆಗೆ ಬೆಣ್ಣೆ ಹಚ್ಚಿಕೊಂಡು ಮಾತು. "ಈ ಸಲದ ಪಂದ್ಯ ನಮ್ಮ ಕ್ಲಬ್ಬಿನ್ಯಾಗ ಮಾಡೋಣ್ರಿ ತಾಯಿ. ಗಂಡಸರದೂ ಒಂದು ತಂಡ ಇರಲಿ. ಜಿಲ್ಲೆದಿಂದ ದೊಡ್ಡ ಸಾಹೇಬ್ರನ್ನ ಕರಸ್ತೀವಿ" ಅಂದ.

"ನಾವು ಗೆದ್ರ ಏನು ಕೊಡ್ತೀರಿ?" ಅಂದರು ವೈನಿ.

"ಏನು ಬೇಕ್ರಿ?"

"ಕ್ಲಬ್ಬಿನ ಹಿಂದಿನ ಖೋಲಿ. ದಿನಾ ಮಧ್ಯಾಹ್ನ ನಮಗ. ಕೀಲಿ ನಮ್ಮ ಕಡೆ."

ಆತ ನಕ್ಕ. ಗೆಲ್ಲುವುದಿಲ್ಲ ಅಂತ ಖಾತ್ರಿ ಇದ್ದವರು ನಗುವ ನಗೆ ಅದು. "ಆತ್ರಿ, ಕೊಟ್ಟಂಗ" ಅಂತ ಹತ್ತು ಜನರೆದುರಿಗೆ ಮಾತು ಕೊಟ್ಟ.

ಕ್ಲಬ್ಬಿನ ಪಂದ್ಯಕ್ಕೆ ಇಟ್ಟ ಚಿತ್ರ ಕಾಶ್ಮೀರದ ಸರೋವರದ್ದು. ಹಿಂದೆ ಹಿಮದ ಗುಡ್ಡ, ಮೇಲೆ ನೀಲಿ ಆಕಾಶ, ನಡುವೆ ದೋಣಿ, ದೋಣಿಯಲ್ಲಿ ನಿಂತ ಅಂಬಿಗ. ಶೀಟಿ ಊದಿದ್ದೇ ತಡ, ನಮ್ಮ ಕೈ ಹೇಗೆ ಓಡಿದವು ಅಂತೀರಿ! ವೈನಿ ಮತ್ತು ನಾನು ಸುತ್ತಲಿನ ಅಂಚು ಕಟ್ಟಿದೆವು, ಅತ್ತೆ ಬಾಯಿ ಮುಚ್ಚಿಕೊಂಡು ಆಕಾಶ ತುಂಬಿದರು, ಹುಡುಗಿ ದೋಣಿ ಕೂಡಿಸಿದಳು. ಟಕ್, ಟಕ್, ವೈನಿಯ ಉಗುರು ಮಾತಾಡುತ್ತಲೇ ಇತ್ತು. ಇನ್ನೇನು ಮುಗಿಯಿತು ಅಂದಾಗ ನಾನು ಕತ್ತೆತ್ತಿ ನೋಡಿದೆ. ನರಗುಂದ, ಗಜೇಂದ್ರಗಡದವರದು ಒಂದು ಹಿಡಿ ಬಾಕಿ. ಗಂಡಸರ ಹಲಗೆಯಲ್ಲಿ ಅರ್ಧ ಸರೋವರ ಇನ್ನೂ ಬೋಳು.

ನಮ್ಮದರಲ್ಲಿ ಒಂದೇ ಒಂದು ತೂತು ಉಳಿಯಿತು, ಅಂಬಿಗನ ತಲೆ ಇರಬೇಕಾದ ಜಾಗ. ಚೂರು ಇಲ್ಲ.

ಟೇಬಲ್ಲಿನ ಕೆಳಗೆ ನೋಡಿದೆವು. ಜಮಖಾನೆ ಎತ್ತಿ ಜಾಡಿಸಿದೆವು. ಅತ್ತೆ ಆ ವಯಸ್ಸಿನಲ್ಲಿ ನೆಲದ ಮೇಲೆ ಮೊಣಕಾಲೂರಿ ತಡಕಾಡಿದರು, ಸೆರಗು ಕೊಡವಿದರು. "ಕೈ ಎತ್ತಿಬಿಡೂಣ್ರಿ ವೈನಿ" ಅಂದೆ. "ಚಿತ್ರ ಆಗಿಲ್ಲ ತಂಗಿ, ಹುಡಕು" ಅಂದರು. ಸ್ವಲ್ಪ ಹೊತ್ತಿಗೆ ಪಕ್ಕದ ಎರಡು ಊರಿನವರೂ ನಮ್ಮ ಹಾಗೇ ಟೇಬಲ್ಲಿನ ಕೆಳಗೆ ಬಗ್ಗಿದರು. ಆಗಲೂ ನಮಗೆ ಹೊಳೆಯಲಿಲ್ಲ ನೋಡಿ. ಹನ್ನೆರಡು ಹೆಂಗಸರು ನೆಲ ತಡವುತ್ತಿದ್ದಾಗ ಗಂಡಸರು ಆರಾಮಾಗಿ ತಮ್ಮ ಸರೋವರ ತುಂಬಿಸಿ, ಅಂಬಿಗನ ತಲೆಯ ಜಾಗ ಖಾಲಿ ಇರುವಾಗಲೇ ಕೈ ಎತ್ತಿದರು!

ದೊಡ್ಡ ಸಾಹೇಬರು ಎದ್ದರು. ಕೋಟಿನ ಜೇಬಿನಿಂದ ಒಂದು ಚೂರು ತೆಗೆದು, ಗಂಡಸರ ಹಲಗೆಯಲ್ಲಿ ಅಂಬಿಗನ ತಲೆ ಕೂಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ಗೆದ್ದವರು ಕ್ಲಬ್ಬಿನವರು ಅಂತ ಸೆಕ್ರೆಟರಿ ಕೂಗಿಯೂ ಬಿಟ್ಟ.

ಏನು ಮಾಡಿದ್ದನೆಂದರೆ, ಕಡೆಯ ಚೂರು ಮುಖ್ಯ ಅತಿಥಿಗಳ ಅಮೃತಹಸ್ತದಿಂದ ಕೂಡಬೇಕು ಅಂತ ಪಂದ್ಯಕ್ಕೆ ಮೊದಲೇ ನಾಲ್ಕೂ ಬುಟ್ಟಿಯಿಂದ ಅದೇ ಒಂದು ಚೂರು ಎತ್ತಿ ಸಾಹೇಬರ ಜೇಬಿಗೆ ಹಾಕಿದ್ದ. ಅದನ್ನು ತನ್ನ ಕ್ಲಬ್ಬಿನ ನಾಲ್ವರಿಗೆ ಮಾತ್ರ ಹೇಳಿದ್ದ. ಮರೆವಂತೆ! "ಹೆಣ್ಮಕ್ಕಳಿಗೆ ಹೇಳೂದು ಮರತುಬಿಡ್ತು ನೋಡ್ರಿ. ಆಟ ಅಂದಮ್ಯಾಲ ಸೋಲು ಗೆಲುವು ಇದ್ದದ್ದ" ಅಂದ ಪುಣ್ಯಾತ್ಮ. ಗಂಡಸರಿಗೆ ಹೇಳುವಾಗ ಇದ್ದ ನೆನಪು ನಮ್ಮ ಟೇಬಲ್ಲಿಗೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಎಲ್ಲಿ ಸತ್ತಿತು? "ನಾವು ಮೊದಲ ಮುಗಿಸಿದ್ದು ಎಲ್ಲಾರೂ ಕಂಡಾರಲ್ಲೊ!" ಅಂತ ಅತ್ತೆ ಕೂಗಿದರು. "ಹಂಗಾರ ಕೈ ಎತ್ತಬೇಕಿತ್ತಲ್ರಿ?" ಅಂದ. ವೈನಿಯ ಕಾಯಿದೆಯನ್ನೇ ವೈನಿಯ ಕೊರಳಿಗೆ ಕಟ್ಟಿದ.

ಸಾಹೇಬರು ನಗುನಗುತ್ತ ನಮ್ಮ ಟೇಬಲ್ಲಿಗೂ ಬಂದರು, ಕೈಯಲ್ಲಿ ಇನ್ನೊಂದು ತಲೆ. ಬಗ್ಗಿ ಕೂಡಿಸಲು ಹೋದಾಗ ವೈನಿ ಅಂಗೈಯಿಂದ ತೂತು ಮುಚ್ಚಿದರು.

"ಬ್ಯಾಡ್ರಿ ಸಾಹೇಬ್ರ."

"ಯಾಕಮ್ಮಾ? ನಿಮ್ಮ ಚಿತ್ರಾನೂ ಪೂರ್ತಿ ಆಗಲಿ."

"ಪೂರ್ತಿ ಮಾಡೂದು ನಮಗ ಬರತಿತ್ತು. ನೀವು ಕಿಸೇದಾಗ ಇಟಗೊಂಡಿದ್ರಿ."

ಸಾಹೇಬರ ಮುಖ ಕೆಂಪಾಯಿತು. ಆದರೂ ಭಾಷಣ ಮಾಡಿದರು, ಸ್ವತಂತ್ರ ಭಾರತದಲ್ಲಿ ಮಹಿಳೆಯರ ಮುನ್ನಡೆಯ ಬಗ್ಗೆ! ಭಾಷಣ ಮುಗಿಯುವ ಮೊದಲೇ ವೈನಿ ಚೂರು ಜಾರದಂತೆ ಹಲಗೆಯನ್ನು ಎದೆಗವಚಿಕೊಂಡು ಹೊರಗೆ ಬಂದರು, ಅವರ ಹಿಂದೆ ಮೂರೂ ಊರಿನವರು ಬಂದೆವು.

ಮನೆಗೆ ಬಂದು ಅತ್ತವಳು ನಾನು. ವೈನಿ ಅಳಲಿಲ್ಲ. ಚೂರುಗಳನ್ನು ಅಂಟಿನಿಂದ ಭದ್ರ ಮಾಡಿ, ಹಲಗೆಯನ್ನು ಪೋಸ್ಟ್ ಆಫೀಸಿಗೆ ಬರುವವರ ಕಣ್ಣಿಗೆ ಬೀಳುವಂತೆ ತಮ್ಮ ಬಾಗಿಲ ಮೇಲೆ ತೂಗುಹಾಕಿದರು. ಕಾರ್ಡು ಕೊಳ್ಳಲು ಬಂದವರು ಬಿಡುತ್ತಾರೆಯೇ? "ಅಂಬಿಗನ ತಲಿ ಎಲ್ಲಿ ಹೋತ್ರಿ?" ಅಂತ ಕೇಳುವರು. "ಕ್ಲಬ್ಬಿನ ಸೆಕ್ರೆಟರಿ ಕಡೆ ಐತಿ. ಹೋಗಿ ಕೇಳ್ರಿ" ಅನ್ನುವರು ವೈನಿ. ಜನ ಖರೇನೇ ಹೋಗಿ ಕೇಳಿದರು! ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನರೇಗಲ್ಲಿನ ಬೀಗರ ಮನೆಯ ಪಂಕ್ತಿಯಲ್ಲಿ ಕೂಡ. ತಾಳಲಾರದೆ ಆತ ಆ ಚೂರನ್ನು ವೈನಿಯ ಹೆಸರಿಗೆ ರಜಿಸ್ಟರ್ ಮಾಡಿ ಕಳಿಸಿದ. ಪಾಪ, ಮಾಸ್ತರರೇ ಅದನ್ನು ಹಿಡಿದು ಒಳಗೆ ಬಂದು, "ಸಹಿ ಮಾಡೇ ಮಾರಾಯ್ತಿ, ಮುಗಿಸಿಬಿಡು" ಅಂದರು. "ನಾ ತಗೊಳ್ಳೂದಿಲ್ಲ. ಕಾಯಿದೆ ಪ್ರಕಾರ ತಿರುಗಿ ಕಳಸ್ರಿ" ಅಂದರು ವೈನಿ. ಮಾಸ್ತರರು ಕಾಯಿದೆ ಪ್ರಕಾರವೇ ತಿರುಗಿ ಕಳಿಸಿದರು.

ಅದಾದ ಕೆಲವೇ ದಿನಕ್ಕೆ ಮಾಸ್ತರರಿಗೆ ದೂರದ ಊರಿಗೆ ಬದಲಿಯಾಯಿತು. ಯಾರು ಮಾಡಿಸಿದರೋ ನನಗೆ ಗೊತ್ತಿಲ್ಲ, ಗುಮಾನಿ ಮಾತ್ರ ಇದೆ. ಹೊರಡುವಾಗ ವೈನಿ ಆ ಹಲಗೆ ನನ್ನ ಕೈಗಿಟ್ಟು, "ಇದು ರೋಣದಾಗ ಇರಬೇಕು. ತಲಿ ಗಿಲಿ ಹಚ್ಚೀ, ಜ್ವಾಕಿ!" ಅಂದರು. ಹಲಗೆ ನಮ್ಮ ಪಡಸಾಲೆಗೆ ಬಂತು. ವೈನಿ ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಹುಬ್ಬಳ್ಳಿಯಲ್ಲಿ. ಹೋಗಿ ಮುಖ ನೋಡಿದೆ. ಹೆಬ್ಬೆರಳಿನ ಉಗುರು ಹಾಗೇ ಉದ್ದ ಇತ್ತು.

ನಾವು ಹೊಸ ಮನೆ ಕಟ್ಟಿಸಿದಾಗ ನಾನು ಗಂಡನಿಗೆ ಒಂದೇ ಮಾತು ಹೇಳಿದೆ, ದೇವರ ಖೋಲಿ ಸಣ್ಣದಾದರೂ ಚಿಂತೆಯಿಲ್ಲ, ನನಗೊಂದು ಖೋಲಿ ಬೇಕು, ಅಲ್ಲಿಯ ಟೇಬಲ್ಲನ್ನು ಯಾರೂ ಮುಟ್ಟಬಾರದು. ಇವತ್ತಿಗೂ ಯಾರೂ ಮುಟ್ಟುವುದಿಲ್ಲ. ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಬಂದು ಕೂಡುತ್ತಾರೆ, ಅರ್ಧಕ್ಕೆ ಬಿಟ್ಟು ಹೋಗುತ್ತಾರೆ, ಮರುದಿನ ಬಂದಾಗ ಅದು ಅಲ್ಲೇ ಇರುತ್ತದೆ. ಇದು ವೈನಿ ನನಗೆ ಕಲಿಸಿದ್ದು, ವೈನಿಗೆ ಸಿಗದೇ ಹೋದದ್ದು.

ಮೊನ್ನೆ ಕ್ಲಬ್ಬಿನವರು ಬಂದಿದ್ದರು. ಸುವರ್ಣ ಮಹೋತ್ಸವವಂತೆ, ಹಳೆಯ ನೆನಪುಗಳ ಪ್ರದರ್ಶನವಂತೆ, ಅದಕ್ಕೆ ನಮ್ಮ ಹಲಗೆ ಬೇಕಂತೆ. ಮುಂದೆ ನಿಂತವನು ಆ ಸೆಕ್ರೆಟರಿಯ ಮೊಮ್ಮಗ, ಅದೇ ಬೆಣ್ಣೆಯ ಮಾತು. "ಅಜ್ಜೀ, ಆ ತೂತು ಚಂದ ಕಾಣೂದಿಲ್ಲಂತ ಅಳತಿ ತಗೊಂಡು ಹೊಸಾ ತಲಿ ಮಾಡಸ್ತೀವ್ರಿ" ಅಂದ.

"ತಲಿ ಇರಲಿ. ಖೋಲಿ ತಂದೀಯೇನು?" ಅಂದೆ.

ಅವನಿಗೆ ತಿಳಿಯಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಖೋಲಿ ಕೊಡುವುದು ಆಗುವುದಿಲ್ಲ ಅಂದರು ಹುಡುಗರು. ಹಿಂದಿನ ಖೋಲಿಯಲ್ಲಿ ಈಗಲೂ ಇಸ್ಪೀಟು ನಡೆಯುತ್ತದೆಯಂತೆ.

"ಹಂಗಾರ ನಮ್ಮ ಅಂಬಿಗ ಹಿಂಗ ಇರಲಿ" ಅಂದು, ಅವರಿಗೆ ಚಹಾ ಕೊಟ್ಟು ಕಳಿಸಿದೆ.