ಮೂರನೆಯ ಕೂಗು

ಸೆಲ್ವಿ ಟೀಚರ್ ಮೂವತ್ತು ವರ್ಷ ಮಕ್ಕಳನ್ನು ಓಡಿಸಿ ಸಂಬಳ ಪಡೆದವರು. ನಿವೃತ್ತರಾದ ಮೇಲೆ ಪುಕ್ಕಟೆಯಾಗಿ ಕಲಿಸಿದ್ದು ಕೂರುವುದನ್ನು. ಎಂಥ ಸಂಕಟವೇ ಬರಲಿ, ಅವರ ಕಣ್ಣು ಮೊದಲು ಕೂರಲು ಒಂದು ಜಾಗ ಹುಡುಕುತ್ತಿತ್ತು. ಒಮ್ಮೆ ಆಯುಧಪೂಜೆಯ ಹಿಂದಿನ ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವರ ಕನ್ನಡಕ ಕಳೆದುಹೋಯಿತು. ಬೂದುಗುಂಬಳ, ಬಾಳೆಕಂದು, ಸೇವಂತಿಗೆ ರಾಶಿಗಳ ನಡುವೆ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುತ್ತಿದ್ದರೆ, ಈಯಮ್ಮ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಏನಮ್ಮ, ತಲೆ ಸುತ್ತು ಬಂತಾ? ಸೋಡಾ ತರಿಸ್ಲಾ?" ಎಂದು ಅಂಗಡಿಯವನು ಗಾಬರಿಯಾದ.

"ಸುತ್ತೋ ತಲೇನ ನಿಲ್ಲಿಸ್ತಿದೀನಪ್ಪ. ನೀನು ವ್ಯಾಪಾರ ನೋಡು."

ಐದು ನಿಮಿಷದ ಮೇಲೆ ಎದ್ದು, ಆಗಷ್ಟೇ ಹೂ ಕೊಂಡಿದ್ದ ಹೂವಿನವಳ ಬಳಿಗೆ ನೇರವಾಗಿ ಹೋದರು. ಕನ್ನಡಕ ಅವಳ ಬುಟ್ಟಿಯಲ್ಲಿ, ಸೇವಂತಿಗೆಯ ನಡುವೆ, ದೇವರ ಹಾಗೆ ಕೂತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಭದ್ರಾವತಿಯವರು. ಕಾರ್ಖಾನೆಯ ಕಾಲೊನಿ ಪಕ್ಕದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿದ್ದರು. ಐದಡಿ ಎತ್ತರ, ನೂಲಿನ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಮನೆಮಾತು ತಮಿಳು, ಬೈಗುಳ ಕನ್ನಡ, ಮುದ್ದು ಎರಡೂ. ಪ್ರತಿ ದಸರಾ ರಜೆಯಲ್ಲಿ ಶಿವಮೊಗ್ಗ, ಭದ್ರಾವತಿಯ ಹತ್ತು ಹನ್ನೆರಡು ಮಕ್ಕಳನ್ನು ಕೂಡಿಸಿಕೊಂಡು, ಮೊದಲು ರಾಗಿಗುಡ್ಡ ಹತ್ತಿಸಿ, ಆಮೇಲೆ ಶಂಕರಘಟ್ಟದ ಕಡೆಯ ಒಂದು ನೀಲಗಿರಿ ತೋಪಿಗೆ ಕರೆದೊಯ್ಯುತ್ತಿದ್ದರು. ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದು, ಹಗ್ಗಕ್ಕೆ ಬಿಚ್ಚಿಕೊಳ್ಳದ ಗಂಟು ಹಾಕುವುದು, ಬಿಸಿಲು ನೋಡಿ ದಿಕ್ಕು ಹೇಳುವುದು, ಯಾವ ಸೊಪ್ಪು ಮುಟ್ಟಿದರೆ ತುರಿಕೆ ಎಂದು ಮುಟ್ಟದೆ ತಿಳಿಯುವುದು, ಬಿಸಿ ಕಾಫಿ ಆರಿಸುವ ಹಾಗೆ ಉಸಿರು ಊದಿ ಎದೆಬಡಿತ ಇಳಿಸುವುದು ಇವೆಲ್ಲ ಪಾಠ. ಎಲ್ಲಕ್ಕಿಂತ ದೊಡ್ಡ ಪಾಠ ಒಂದೇ: ದಾರಿ ತಪ್ಪಿತು ಅನ್ನಿಸಿದ ಕೂಡಲೇ ಇದ್ದಲ್ಲೇ ಕೂತುಬಿಡುವುದು.

ಫೋನಿಗೆ ಅಂಟಿಕೊಂಡಿದ್ದ ನನ್ನ ಮೊಮ್ಮಗಳು ಸಿಂಚನಳನ್ನು ಮಗಳು ಈ ಶಿಬಿರಕ್ಕೆ ಸೇರಿಸಿದಳು. ಆಗ ಅವಳಿಗೆ ಒಂಬತ್ತು. ಮಗಳು ಅಳಿಯ ಇಬ್ಬರೂ ಬ್ಯಾಂಕಿಗೆ ಹೋಗುವವರಾದ್ದರಿಂದ ಮಗುವನ್ನು ಕರೆದೊಯ್ದು ಕರೆತರುವ ರಾಜಕಾರ್ಯ ನನ್ನ ಪಾಲಿಗೆ ಬಂತು.

ನಾನು ಹೆದರುವವನು. ಇದನ್ನು ಯಾವ ಸಂಕೋಚವೂ ಇಲ್ಲದೆ ದಾಖಲಿಸುತ್ತೇನೆ. ಮೂವತ್ತೆರಡು ವರ್ಷ ಸರ್ವೆ ಕಚೇರಿಯ ನಕ್ಷೆ ಕೋಣೆಯಲ್ಲಿ ಕೂತು ನೆಲವನ್ನೆಲ್ಲ ಕಾಗದದ ಮೇಲೆ ನೋಡಿದವನಿಗೆ ಉತ್ತರ ದಿಕ್ಕು ಯಾವಾಗಲೂ ಮೇಲ್ಗಡೆ ಇರುತ್ತದೆ, ಮತ್ತು ನಕ್ಷೆಯಲ್ಲಿ ಚಿರತೆ ಇರುವುದಿಲ್ಲ. ಆ ವರ್ಷವೋ, ಚಿರತೆ ಕಂಡಿತು ಎಂದು ದಿನ ಬಿಟ್ಟು ದಿನ ಪೇಪರಿನಲ್ಲಿ ಬರುತ್ತಿತ್ತು. ಮೊದಲ ದಿನವೇ ನಾನು ಟಾರ್ಚು, ಕೊಡೆ, ದೊಣ್ಣೆ, ಅಯೋಡಿನ್ ಬಾಟಲಿ, ಎರಡು ಲೀಟರ್ ನೀರಿನೊಂದಿಗೆ ಹಾಜರಾದೆ.

ಟೀಚರ್ ನನ್ನನ್ನು ಒಂದು ಸುತ್ತು ಹಾಕಿ ನೋಡಿದರು. "ಏನ್ ಸಾರ್, ಮೊಮ್ಮಗಳನ್ನ ಬಿಡೋಕ್ ಬಂದ್ರಾ, ದಂಡೆತ್ತಿ ಬಂದ್ರಾ?"

"ನನಗೆ ಸ್ವಲ್ಪ ಹೆದರಿಕೆ ಜಾಸ್ತಿ ಟೀಚರ್."

"ಹೆದರಿಕೆ ಅಂದ್ರೆ ನೆಂಟ ಇದ್ದ ಹಾಗೆ ಸಾರ್. ಬಂದ್ರೆ ಮೊದಲು ಕೂರಿಸ್ಬೇಕು, ನೀರು ಕೊಡ್ಬೇಕು. ಬಾಗಿಲಲ್ಲೇ ನಿಲ್ಲಿಸಿದ್ರೆ ಬೀದಿಯೆಲ್ಲ ಕೇಳೋ ಹಾಗೆ ಗಲಾಟೆ ಮಾಡ್ತಾನೆ."

ಇಲ್ಲಿ ನನ್ನ ಒಂದು ಅಪರಾಧವನ್ನು ಹೇಳಬೇಕು. ಕಾಡುಮೇಡಿನಲ್ಲಿ ಹೆಸರು ಹಿಡಿದು ಒಂದೇ ಸಲ ಕರೆದರೆ ಓಗೊಡಬಾರದು, ದೆವ್ವ ಕೂಗುವುದು ಒಂದೇ ಸಲ, ಮನುಷ್ಯನಾದರೆ ಮೂರು ಸಲ ಕೂಗುತ್ತಾನೆ ಎಂದು ನನ್ನ ಅಜ್ಜಿ ನನಗೆ ಹೇಳಿದ್ದಳು. ಶಿಬಿರಕ್ಕೆ ಹೊರಟ ದಿನ ನಾನದನ್ನು ಮೊಮ್ಮಗಳಿಗೆ ವಿಧಿಪೂರ್ವಕ ಉಪದೇಶಿಸಿದೆ. ನಮ್ಮ ವಂಶದಲ್ಲಿ ಯಾರೂ ಮೊದಲ ಕೂಗಿಗೆ ಓಗೊಟ್ಟಿಲ್ಲ, ಆದ್ದರಿಂದ ಯಾರನ್ನೂ ದೆವ್ವ ಒಯ್ದಿಲ್ಲ ಎಂಬ ಪುರಾವೆಯನ್ನೂ ಮುಂದಿಟ್ಟೆ. "ಊಟಕ್ಕೆ ಕರೆದ್ರೆ ಮೂರನೇ ಸಲಕ್ಕೇ ಏಳೋದು ಯಾಕೆ ಅಂತ ಈಗ ಗೊತ್ತಾಯ್ತು. ನಲವತ್ತು ವರ್ಷದಿಂದ ನಾನು ದೆವ್ವ!" ಎಂದಳು ನನ್ನಾಕೆ ಅಡುಗೆಮನೆಯಿಂದ.

ಎಂಟನೆಯ ದಿನ ಬೆಳಿಗ್ಗೆ ತೋಪಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಮಳೆಗಾಲವಿಡೀ ಬೆಳೆದ ಹುಲ್ಲು ನನಗೆ ಸೊಂಟದವರೆಗೆ ಬರುತ್ತಿತ್ತು; ಮಕ್ಕಳು ಕೂತರೆ ಕಾಣುತ್ತಲೇ ಇರಲಿಲ್ಲ. ಪಾಲಕರು ರಸ್ತೆಬದಿಯ ಆಲದ ಮರ ಬಿಟ್ಟು ಕದಲಬಾರದೆಂದು ಕಟ್ಟಪ್ಪಣೆ. ಅಂದಿನ ಪಾಠ ಒಬ್ಬರೇ ಕೂರುವುದು. ಒಂದೊಂದು ಮಗು ಒಂದೊಂದು ಮರಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಕೇಳಿಸಿದ ಸದ್ದುಗಳನ್ನು ಬೆರಳಲ್ಲಿ ಎಣಿಸಬೇಕು. ನಡುವೆ ಟೀಚರ್ ನಿಂತಿದ್ದರು. ಯಾವುದೋ ಮಗುವಿಗೆ ಇರುವೆ ಕಚ್ಚಿ ಕಿರುಚಿಕೊಂಡಿತು. ಅದರ ಬಟ್ಟೆ ಕೊಡವಿ ಸಮಾಧಾನ ಮಾಡಿ ಟೀಚರ್ ಒಂದು ಸಲ ಕೂಗಿ ಎಲ್ಲರನ್ನೂ ಕರೆದಾಗ ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಬಂದವು.

ಬಾರದವಳು ಸಿಂಚನ.

ಆ ಸುದ್ದಿ ಆಲದ ಮರಕ್ಕೆ ಮುಟ್ಟಿದ್ದೇ ನಾನು ಕಟ್ಟಪ್ಪಣೆ ಮುರಿದು ಓಡಿದೆ. ದೊಣ್ಣೆ, ಕೊಡೆ, ಟಾರ್ಚು ಎಲ್ಲ ಮರದಡಿಯೇ ಉಳಿದವು. "ಸಿಂಚನಾ!" ಎಂದು ಒಂದು ಕಡೆ ಕೂಗಿದೆ. ಉತ್ತರವಿಲ್ಲ. ಐವತ್ತು ಹೆಜ್ಜೆ ಓಡಿ ಇನ್ನೊಂದು ಕಡೆ ಕೂಗಿದೆ. ಇಲ್ಲ. ಎಡಕ್ಕೆ ಓಡಿದೆ, ಕೂಗಿದೆ. ಸಾಲು ಹಿಡಿದು ನೆಟ್ಟ ಮರಗಳು. ಎತ್ತ ತಿರುಗಿದರೂ ಅದೇ ಓಣಿ, ಓಣಿಯ ಕೊನೆಗೆ ಅದೇ ಮಂಜು. ಒಂದು ಚಪ್ಪಲಿ ಎಲ್ಲೋ ಹೋಯಿತು. ಒಣಗಿದ ತರಗೆಲೆಯ ಪ್ರತಿ ಗುಡ್ಡೆಯ ಮೇಲೂ ನನಗೆ ಕಪ್ಪು ಚುಕ್ಕೆಗಳು ಕಾಣತೊಡಗಿದವು. ಸಂಜೆ ಮಗಳು ಬ್ಯಾಂಕಿನಿಂದ ಬಂದು ಗೇಟು ತೆಗೆಯುವ ಸದ್ದು ಹಗಲು ಹತ್ತು ಗಂಟೆಗೇ ಕಿವಿಯಲ್ಲಿ ಕೇಳಿಸಿತು.

ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದರು. "ಕೂತ್ಕೊಳಿ ಸಾರ್."

"ಕೂರೋ ಹೊತ್ತೇನ್ರೀ ಇದು? ಮಗು ಹೋಯ್ತು!"

"ಮಗು ಎಲ್ಲೋ ಕೂತಿದೆ. ಓಡ್ತಿರೋದು ನೀವೊಬ್ರೇ. ಕೂತ್ಕೊಳಿ ಅಂದೆ!"

ಕೂತೆ. ಟೀಚರೂ ಪಕ್ಕದಲ್ಲಿ ಕೂತರು; ಅಂಗಿ ಮಾತ್ರ ಬಿಡಲಿಲ್ಲ.

"ಕರೆದ್ರೆ ಓ ಅನ್ನು ಅಂತ್ಲೇ ನಾನು ಕಲಿಸಿರೋದು. ನೀವಿಷ್ಟು ಕೂಗಿದ್ರೂ ಯಾಕ್ ಮಾತಾಡ್ತಿಲ್ಲ? ಮನೇಲಿ ಏನಾದ್ರೂ ಹೇಳ್ಕೊಟ್ಟಿದೀರಾ?"

ನಾನು ದೆವ್ವದ ವಿಚಾರ ಒಪ್ಪಿಕೊಂಡೆ. ಅವರು ನನ್ನನ್ನು ನೋಡಿದ ನೋಟಕ್ಕೆ ಒಂದು ಇಡೀ ಶಾಲೆ ಮೈದಾನಕ್ಕೆ ಎರಡು ಸುತ್ತು ಹಾಕಬೇಕು.

"ನೀವು ಹೋದಲ್ಲೆಲ್ಲ ಒಂದೊಂದೇ ಸಲ ಕೂಗಿದೀರ. ಪಾಪ, ಆ ಮಗು ಏನ್ ಮಾಡ್ಬೇಕು ಹೇಳಿ? ಇಲ್ಲೇ ಕೂತು ಮೂರು ಸಲ ಕೂಗಿ. ನಡುವೆ ಹತ್ತು ಉಸಿರು ಬಿಡಿ."

ಮೊದಲ ಕೂಗು ಕೂಗಿದೆ. ಹತ್ತು ಉಸಿರು. ಎಲ್ಲೋ ಒಂದು ಕಡ್ಡಿ ಲಟಕ್ಕೆಂದಿತು. ಎರಡನೆಯದು ಕೂಗಿದೆ. ಹತ್ತು ಉಸಿರು ಅಷ್ಟು ಉದ್ದ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಮೂರನೆಯದಕ್ಕೆ ನನ್ನ ಗಂಟಲಿನಿಂದ ಹೊರಟದ್ದು ಹೆಸರೋ ಅಳುವೋ ಹೇಳಲಾರೆ.

"ಓ... ಅಜ್ಜಾ!"

ಇಪ್ಪತ್ತು ಹೆಜ್ಜೆಯಾಚೆ, ಲಂಟಾನ ಪೊದೆಯ ಹಿಂದೆ, ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ತೊಡೆಯ ಮೇಲೊಂದು ನವಿಲುಗರಿ. ಅದನ್ನು ಹೆಕ್ಕಲು ಹೋಗಿ ತನ್ನ ಮರ ಯಾವುದೆಂದು ಮರೆತು, ಕಲಿಸಿದಂತೆ ಕೂತುಬಿಟ್ಟಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು.

"ನೀನು ಒಂದೊಂದೇ ಸಲ ಕೂಗಿ ಓಡೋಗ್ತಿದ್ದೆ ಅಜ್ಜ. ನಂಗೆಷ್ಟು ಭಯ ಆಯ್ತು ಗೊತ್ತಾ? ದೆವ್ವಕ್ಕೂ ಉಬ್ಬಸ ಇರುತ್ತಾ ಅಂತ ಯೋಚ್ನೆ ಮಾಡ್ತಿದ್ದೆ."

ಅವಳನ್ನು ಎತ್ತಿಕೊಂಡು ಟೀಚರಿಗೆ ಕೃತಜ್ಞತೆ ಹೇಳಲು ತಿರುಗಿದರೆ ಅವರಿಲ್ಲ. ಒಂದು ಮರದ ಹಿಂದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತು, ಬಿಸಿ ಕಾಫಿ ಆರಿಸುವ ಹಾಗೆ ಊದುತ್ತಿದ್ದರು. ಹೆಗಲು ಅದುರುತ್ತಿದ್ದವು. "ಹೋಗಿ ಸಾರ್," ಎಂದರು ಮುಖ ತೆಗೆಯದೆ. "ನೆಂಟ ಬಂದಿದಾನೆ. ಕೂರಿಸಿ ಬರ್ತೀನಿ."

ಮರುವರ್ಷ ಶಿಬಿರದ ಮೊದಲ ದಿನ ಪಾಲಕರೆಲ್ಲರ ಮುಂದೆ ಅವರು ಘೋಷಿಸಿದರು: "ಈ ಸಾರ್ ಮನೆ ದೆವ್ವಾನ ನಮ್ಮ ಸಿಲಬಸ್ಸಿಗೆ ಸೇರಿಸ್ಕೊಂಡಿದೀನಿ. ಯಾರೇ ಯಾರನ್ನೇ ಕರೆಯೋದಾದ್ರೂ ಒಂದೇ ಜಾಗದಲ್ಲಿ ಕೂತು ಮೂರು ಸಲ. ಮೂರನೇದಕ್ಕೆ ಓ ಅನ್ಲೇಬೇಕು." ಅಂದಿನಿಂದ ಆ ತೋಪಿನಲ್ಲಿ ಅದೇ ಕಾನೂನು. ನನ್ನ ಸೇವಾವಧಿಯಲ್ಲಿ ನಾನು ಬರೆದ ಯಾವ ಟಿಪ್ಪಣಿಗೂ ಇಂಥ ಮನ್ನಣೆ ಸಿಕ್ಕಿರಲಿಲ್ಲ.

ಈ ಮಳೆಗಾಲದಲ್ಲಿ ಅವರ ಶ್ವಾಸಕೋಶ ಕೆಟ್ಟಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಒಂದು ಮಧ್ಯಾಹ್ನ ಹೋದೆ. ಮೂಗಿಗೆ ನಳಿಕೆ, ಮಂಚದ ಕೆಳಗೆ ಜೋಡಿಸಿಟ್ಟ ಅದೇ ಕ್ಯಾನ್ವಾಸ್ ಶೂ. ಬಾಗಿಲಲ್ಲೇ ನಿಂತವನಿಗೆ ಕೂರುವಂತೆ ಕೈಸನ್ನೆ ಮಾಡಿದರು.

"ಏನ್ ಟೀಚರ್, ನೆಂಟ ಬಂದಿದಾನಾ?" ಎಂದೆ.

"ಬಂದಿದಾನೆ ಸಾರ್. ಕೂರಿಸ್ದೆ, ನೀರು ಕೊಟ್ಟೆ. ಮಂಚ ತುಂಬ ಅವನೇ ಕೂತಿದಾನೆ. ಏಳೋ ಹಾಗೇ ಕಾಣಲ್ಲ."

ನನ್ನ ಮಣಿಕಟ್ಟು ಹಿಡಿದುಕೊಂಡರು. ಇಬ್ಬರೂ ಸೇರಿ ಇಲ್ಲದ ಕಾಫಿಯನ್ನು ಊದಿ ಆರಿಸಿದೆವು. ನಾಲ್ಕನೇ ಉಸಿರಿಗೆ ಅವರಿಗೆ ಸಾಕಾಯಿತು.

"ಟೀಚರ್ ಹೆದರಿದ್ರು ಅಂತ ಮಕ್ಕಳಿಗೆ ಹೇಳ್ಬೇಡಿ ಸಾರ್."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬರೆಯುವುದಿಲ್ಲ ಎಂದೇನೂ ಕೊಟ್ಟಿರಲಿಲ್ಲ. ಆ ವಾರ ಮುಗಿಯುವ ಮೊದಲೇ ಅವರು ಹೋದರು.

ಈ ದಸರೆಗೆ ಶಿಬಿರವಿರಲಿಲ್ಲ. ಸಿಂಚನಳಿಗೆ ಈಗ ಹನ್ನೆರಡು. ನಾವಿಬ್ಬರೇ ಬಸ್ಸು ಹಿಡಿದು ತೋಪಿಗೆ ಹೋದೆವು. ಹುಲ್ಲು ಅಷ್ಟೇ ಎತ್ತರ ಬೆಳೆದಿತ್ತು, ಮಂಜೂ ಹಾಗೇ ಇತ್ತು. ಅವಳ ಹಳೆಯ ಮರಕ್ಕೆ ಬೆನ್ನು ಕೊಟ್ಟು ಕೂತೆವು.

"ಅಜ್ಜ, ಟೀಚರನ್ನ ಕೂಗು," ಎಂದಳು.

ಇಂಥದಕ್ಕೆಲ್ಲ ನಾನು ಒಪ್ಪುವವನಲ್ಲ. ಆದರೂ ಕೂಗಿದೆ. ಹತ್ತು ಉಸಿರು ಕಾದೆವು. ಎರಡನೆಯ ಸಲ ಕೂಗಿದೆ. ಮತ್ತೆ ಹತ್ತು. ಎಲ್ಲೋ ದೂರದಲ್ಲಿ ನವಿಲು ಕೂಗಿತು, ನಿಂತಿತು. ಮೂರನೆಯ ಸಲಕ್ಕೆ ಬಾಯಿ ತೆರೆದೆ. ಮೂರನೆಯದಕ್ಕೆ ಓ ಅನ್ನಲೇಬೇಕು ಎಂದವರು ಅವರು. ಅನ್ನದಿದ್ದರೆ?

ಬಾಯಿ ಮುಚ್ಚಿ, ಚಪ್ಪಲಿ ಹಾಕಿಕೊಂಡು ಎದ್ದೆ.

"ಇನ್ನೂ ಒಂದು ಸಲ ಇದೆ ಅಜ್ಜ," ಎಂದಳು ಸಿಂಚನ.

"ಇರಲಿ," ಎಂದೆ.